ಹಳೆಯ ಕಣ್ಣಿನ ಜೇನುಬಣ್ಣ

ಜೂನ್ ೫

ಏ ಕಿಡಿ,

ಓದುತ್ತಿದ್ದೀಯಲ್ಲ, ಮೊದಲು ನೆಟ್ಟಗೆ ಕೂತುಕೊ. ಹಾಸಿಗೆಯಲ್ಲಿ ಬಿದ್ದುಕೊಂಡು ಅಜ್ಜಿಯ ಕಾಗದ ಓದಿದರೆ ಅರ್ಧ ತಲೆಗೆ ಹೋಗುತ್ತದೆ, ಅರ್ಧ ದಿಂಬಿಗೆ. ಏಪ್ರಿಲ್‌ನಲ್ಲಿ ಒಂದು ದಪ್ಪ ಲಕೋಟೆ ಕಳಿಸಿದೆ. ಒಡೆದು ನೋಡಿದರೆ ಯೋಗಕ್ಷೇಮ ಎರಡು ಸಾಲು, ಮಿಕ್ಕಿದ್ದೆಲ್ಲ ನಿನ್ನ ಸಂಶೋಧನೆಯ ಕಥೆ, ಪ್ರಶ್ನೆ. ಕಮ್ಮಾರರಿಗೆ ಕಾಲು ಊನವಾಗುವುದುಂಟಾ ಅಜ್ಜಿ, ಅಜ್ಜನ ಅಪ್ಪ ಕುಂಟುತ್ತಿದ್ದರಾ, ಯಾವ ಕಾಲು? ನಾನು ನಿನ್ನ ಅಜ್ಜಿಯೋ, ಕೋರ್ಟಿನ ಸಾಕ್ಷಿಯೋ? ಆಮೇಲೆ ಮೇ ತಿಂಗಳು ಪೂರ್ತಿ ಒಂದು ಗೆರೆ ಇಲ್ಲ. ಫೋನ್ ಮಾಡಬಹುದಿತ್ತಲ್ಲ ಅನ್ನಬೇಡ. ಫೋನಿನಲ್ಲಿ ನೀನು ಹೂಂ ಹೂಂ ಅನ್ನುತ್ತ ಬೇರೇನೋ ಓದುತ್ತಿರುತ್ತೀಯ, ಹಾಳೆ ತಿರುವುವ ಸದ್ದು ನನಗೆ ಕೇಳುತ್ತದೆ. ಕಾಗದದಲ್ಲಿ ಹೂಂಗುಟ್ಟಲಿಕ್ಕೆ ಬರುವುದಿಲ್ಲ.

ನಿನ್ನ ಪ್ರಶ್ನೆಗೆ ಉತ್ತರ: ನನ್ನ ಮಾವನವರಿಗೆ ಎರಡು ಕಾಲೂ ಚೆನ್ನಾಗಿಯೇ ಇದ್ದವು. ಕುಂಟುತ್ತಿದ್ದದ್ದು ಅವರ ಮಾತು ಮಾತ್ರ, ಅದೂ ನಮ್ಮ ಅತ್ತೆಯ ಮುಂದೆ ನಿಂತಾಗ.

ಆ ಗ್ರೀಕರ ಕಮ್ಮಾರ ದೇವರ ಕಥೆಯನ್ನು ನಿನ್ನಮ್ಮ ಹೊಲಿಗೆ ಯಂತ್ರ ನಿಲ್ಲಿಸಿ ಓದಿ ಹೇಳಿದಳು. ಹೆಫೈಸ್ಟಸ್ ಅನ್ನಲು ಹೋಗಿ ನಾಲಿಗೆ ಕಚ್ಚಿಕೊಂಡಳು. ಹುಟ್ಟಿದ ಮಗುವಿನ ಕಾಲು ಸೊಟ್ಟ ಎಂದು ಹೆತ್ತ ತಾಯಿಯೇ ಮೇಲಿನಿಂದ ಎಸೆದಳಂತೆ. ಸಮುದ್ರಕ್ಕೆ ಬಿದ್ದವನನ್ನು ಇಬ್ಬರು ನೀರಿನ ಹೆಂಗಸರು ಗುಹೆಯಲ್ಲಿ ಬಚ್ಚಿಟ್ಟು ಸಾಕಿದರಂತೆ. ದೊಡ್ಡವನಾದ ಮೇಲೆ ಅವನು ತಾಯಿಗೆ ಒಂದು ಚಿನ್ನದ ಕುರ್ಚಿ ಮಾಡಿ ಕಳಿಸಿದ, ಕೂತವಳು ಮತ್ತೆ ಏಳಲಿಲ್ಲ, ಕುರ್ಚಿಯೇ ಹಿಡಿದುಕೊಂಡಿತು. ಬಹಳ ಒಳ್ಳೆಯ ಕೆಲಸ. ನಾನಾಗಿದ್ದರೆ ಅದಕ್ಕೆ ನಾಲ್ಕು ಮುಳ್ಳೂ ಹೊಡೆಯುತ್ತಿದ್ದೆ.

ಈಗ ನಮ್ಮ ಮನೆಯ ಕಮ್ಮಾರನ ಸಂಗತಿ. ನಿಮ್ಮಜ್ಜ ಹೋದ ವಾರ ಕುಲುಮೆಗೆ ನೀರು ಸುರಿದರು.

ನಾನು ಈ ಮನೆಗೆ ಬಂದಾಗಿನಿಂದ ಆ ಬೆಂಕಿ ಆರಿದ್ದನ್ನು ಕಂಡವಳಲ್ಲ. ಸಂಜೆ ಕೆಂಡದ ಮೇಲೆ ಬೂದಿ ಎಳೆದು ಮಲಗಿಸುವುದು, ಬೆಳಗ್ಗೆ ಬೂದಿ ಸರಿಸಿ ತಿದಿ ಒತ್ತಿ ಎಬ್ಬಿಸುವುದು. ಹೆರಿಗೆಯಾದ ಮನೆಯಲ್ಲಿ ಮಗುವನ್ನು ನೋಡಿಕೊಳ್ಳುವ ಹಾಗೆ ಅದನ್ನು ನೋಡಿಕೊಂಡವರು ಅವರು. ಅದಕ್ಕೇ ಒಂದು ಕೊಡ ನೀರು ಸುರಿದು, ಹಬೆ ಏಳುವಾಗ ತಿರುಗಿಯೂ ನೋಡದೆ ಹೊರಗೆ ಬಂದು ಕೂತರು.

ಕಾರಣ ಕೇಳು. ಮಾರ್ಚಿನಲ್ಲಿ ನೀನು ಬಲಗಣ್ಣಿನ ಪೊರೆ ತೆಗೆಸಿ, ಮನೆಗೆ ಕರೆತಂದು ಬಿಟ್ಟು ಹೋದೆಯಲ್ಲ, ಅಲ್ಲಿಂದೀಚೆಗೆ ಅವರು ಮಾಡಿದ ಉಳಿ ಒಂದೂ ನಿಲ್ಲುತ್ತಿಲ್ಲ. ಪುಸ್ತಕ ಓದಿ ಓದಿ ಮನೆಯ ಕೆಲಸ ಮರೆತಿರುತ್ತೀಯ, ಆದ್ದರಿಂದ ಬರೆಯುತ್ತೇನೆ. ಕಾದ ಉಳಿಯ ತುದಿಯನ್ನು ನೀರಿಗೆ ಅದ್ದಿ ತೆಗೆದು, ಇಟ್ಟಿಗೆ ಚೂರಿನಿಂದ ಉಜ್ಜಿ ಹೊಳಪು ಮಾಡಿದರೆ, ಮೈಯಲ್ಲಿ ಉಳಿದ ಕಾವು ತುದಿಯ ಕಡೆಗೆ ಹರಿಯುತ್ತದೆ. ಆಗ ಬಣ್ಣ ಓಡುತ್ತದೆ. ಮೊದಲು ಒಣಹುಲ್ಲು, ಆಮೇಲೆ ಜೇನು, ಕಂದು, ನೇರಳೆ, ನೀಲಿ. ಕಲ್ಲಿನ ಉಳಿಗಾದರೆ ಜೇನುಬಣ್ಣ ತುದಿ ಮುಟ್ಟಿದ ಕ್ಷಣ ಪೂರ್ತಿ ನೀರಿಗೆ ಹಾಕಬೇಕು. ಮೊದಲೇ ಹಾಕಿದರೆ ಅಲಗು ಚೂರಾಗುತ್ತದೆ, ತಡವಾದರೆ ಮೇಣದ ಹಾಗೆ ಮಡಿಚಿಕೊಳ್ಳುತ್ತದೆ. ಈಗ ಎಲ್ಲವೂ ಮಡಿಚಿಕೊಳ್ಳುತ್ತಿವೆ. ಇದ್ದಿಲು ಬದಲಾಯಿಸಿದರು. ನೀರು ಬದಲಾಯಿಸಿದರು. ಉಕ್ಕಿನ ಅಂಗಡಿಯವನನ್ನು ಬೈದು ಬೇರೆ ಉಕ್ಕು ತಂದರು. ಏನು ಮಾಡಿದರೂ ಅಷ್ಟೆ.

ಕಲ್ಲುಕುಟಿಗ ಗುಡುಗು ನೆನಪಿದ್ದಾನಲ್ಲ, ಗುಟ್ಟು ಹೇಳಿದರೆ ಪಕ್ಕದ ಬೀದಿಗೂ ಕೇಳಿಸುವವನು? ಹೋದ ವಾರ ಉಳಿಗಳ ಚೀಲ ಹೊತ್ತು ಬಂದಿದ್ದ. ನಿಮ್ಮಜ್ಜ ಒಂದನ್ನು ತೆಗೆದು ಬೆಳಕಿಗೆ ಹಿಡಿದರು.

“ಈ ಗೆರೆ ನನ್ನ ಅರದ್ದಲ್ಲ. ಎಲ್ಲಿ ಮಾಡ್ಸಿದೆ?”

“ಯಜಮಾನ್ರೆ, ಅದು... ಬಸ್ ನಿಲ್ದಾಣದ ಹತ್ರ ಆ ಮಿಷನ್ ಅಂಗಡೀಲಿ, ಸುಮ್ನೆ ಒಂದ್ಸಲ...”

“ನನ್ನ ಹತ್ರ ತಗೊಂಡು ಹೋಗಿ, ಅಲ್ಲಿ ಸರಿ ಮಾಡಿಸ್ಕೊಂಡು, ನನ್ನ ಮುಂದೆ ಚೆನ್ನಾಗಿದೆ ಅಂತಿದ್ಯಾ?”

ಗುಡುಗು ಬಾಯಿ ತೆರೆದ, ಸದ್ದು ಬರಲಿಲ್ಲ. ಅವನ ಬಾಯಿಂದ ಸದ್ದು ಬಾರದೆ ಇದ್ದದ್ದನ್ನು ನಾನು ಅವತ್ತೇ ನೋಡಿದ್ದು. ಉಳಿ ಕೆಟ್ಟಿದ್ದಕ್ಕಲ್ಲ ಕಿಡಿ, ಅವನು ಅದನ್ನು ಮುಚ್ಚಿಟ್ಟು ಕರುಣೆ ತೋರಿಸಿದ್ದಕ್ಕೆ ಬೆಂಕಿ ಆರಿತು. ಕಬ್ಬಿಣ ಬಡಿಯುವ ಆ ಉಕ್ಕಿನ ಅಡಿಗಲ್ಲನ್ನು ಕೊಟ್ಟುಬಿಡುತ್ತೇನೆ ಎಂದು ಗುಜರಿಯವನಿಗೆ ಹೇಳಿ ಕಳಿಸಿದ್ದಾರೆ. ಅದನ್ನು ಹೊರುವ ಲಾರಿ ಸಿಕ್ಕ ಕೂಡಲೇ ಬರುತ್ತಾನಂತೆ. ಎಡಗಣ್ಣಿಗೆ ಆರು ತಿಂಗಳ ಮೇಲೆ ಬನ್ನಿ ಅಂದಿದ್ದರಲ್ಲ ಡಾಕ್ಟರು, ಆ ಮಾತನ್ನೇ ಎತ್ತಗೊಡುವುದಿಲ್ಲ.

ಈಗ ನನ್ನ ಪ್ರಶ್ನೆಗೆ ನೀನು ಉತ್ತರ ಕೊಡು. ನಿನ್ನ ಆ ಕಮ್ಮಾರ ದೇವರು, ಬೆಂಕಿ ದೇವರುಗಳಲ್ಲಿ ಯಾರಾದರೂ ಹೀಗೆ ಕೆಲಸ ಬಿಟ್ಟು ಕೂತದ್ದುಂಟಾ? ಉಂಟಾದರೆ ಮತ್ತೆ ಎಬ್ಬಿಸಿದ್ದು ಹೇಗೆ?

ಕೋಪದಲ್ಲೇ ಇರುವ,
ನಿನ್ನ ಅಜ್ಜಿ


ಜೂನ್ ೨೯

ಕಿಡಿ,

ಬೇಗ ಬರೆದೆ, ಸಂತೋಷ. ಒಂದಲ್ಲ ಎರಡು ದೇವರುಗಳು ಹೀಗೆ ಕೂತಿದ್ದರು ಎಂದು ತಿಳಿದು ಸ್ವಲ್ಪ ಧೈರ್ಯವೂ ಬಂತು. ನೀನು ಬರೆದ ಎರಡು ಉಪಾಯವನ್ನೂ ಮಾಡಿ ನೋಡಿದೆ. ವರದಿ ಕೇಳು.

ಮೊದಲನೆಯದು. ಕುರ್ಚಿಯಲ್ಲಿ ಸಿಕ್ಕ ತಾಯಿಯನ್ನು ಬಿಡಿಸಲು ಬಾ ಎಂದರೆ ಹೆಫೈಸ್ಟಸ್ ಬರಲಿಲ್ಲ, ಆಗ ಹೆಂಡದ ದೇವರು ಹೋಗಿ ಅವನಿಗೆ ಚೆನ್ನಾಗಿ ಕುಡಿಸಿ ಹೇಸರಗತ್ತೆಯ ಮೇಲೆ ಕೂರಿಸಿ ತಂದ ಎಂದೆಯಲ್ಲ. ನಿನ್ನಪ್ಪ ಲಾರಿ ತಿರುಗಿಸಿಕೊಂಡು ಮನೆಗೆ ಬಂದಿದ್ದಾಗ ಅವನ ಕೈಯಲ್ಲಿ ಒಂದು ಬಾಟಲಿ ತರಿಸಿದೆ. ಅವನು ನನ್ನ ಮುಖ ನೋಡಿದ ನೋಟವನ್ನು ನೀನು ನೋಡಬೇಕಿತ್ತು. ನಿಮ್ಮಜ್ಜ ಮೂಸಿ ನೋಡಿ, “ಇದ್ರಲ್ಲಿ ತುಕ್ಕು ಚೆನ್ನಾಗಿ ಬಿಡುತ್ತೆ,” ಎಂದು ಹಳೆಯ ಇಕ್ಕಳವನ್ನು ಅದರಲ್ಲಿ ನೆನೆಯಲು ಹಾಕಿದರು. ಉಳಿದದ್ದನ್ನು ಕ್ಷಮೆ ಕೇಳಲು ಬಂದಿದ್ದ ಗುಡುಗು ಕುಡಿದು, ನಮ್ಮ ಹೊಸ್ತಿಲ ಮೇಲೆ ಕೂತು ಅತ್ತ. ಅವನು ಅತ್ತರೆ ಹೇಗಿರುತ್ತದೆ ಎಂದು ಬರೆಯುವುದಿಲ್ಲ. ನಾಯಿಗಳು ಓಡಿಹೋದವು. ಹೇಸರಗತ್ತೆ ನಮ್ಮಲ್ಲಿ ಇಲ್ಲ, ಅವನನ್ನು ನಿನ್ನಪ್ಪನೇ ಹೊತ್ತುಕೊಂಡು ಹೋಗಿ ಬಿಟ್ಟು ಬಂದ.

ಎರಡನೆಯದು ಅಗ್ನಿಯ ಕಥೆ. ದೇವರುಗಳಿಗೆ ಹವಿಸ್ಸು ಹೊತ್ತು ಹೊತ್ತು ಅಣ್ಣಂದಿರು ಸತ್ತರು, ನನಗೂ ಅದೇ ಗತಿ ಎಂದು ಹೆದರಿ ನೀರಿನಲ್ಲಿ ಹೋಗಿ ಅಡಗಿದ. ಮೀನು ಚಾಡಿ ಹೇಳಿತು. ದೇವರುಗಳು ಬಂದು ಗೋಗರೆದು, ನಿನಗೂ ಒಂದು ಪಾಲು ಕೊಡುತ್ತೇವೆ, ಮುಪ್ಪಿಲ್ಲದ ಆಯುಸ್ಸು ಕೊಡುತ್ತೇವೆ ಎಂದರು, ಅವನು ಹೊರಗೆ ಬಂದ. ಸರಿ, ನಾನೂ ಕೇಳಿದೆ.

“ರೀ, ಬೆಂಕಿ ದೇವ್ರಿಗೇ ಪಾಲು ಕೊಟ್ಟು ಎಬ್ಸಿದ್ರಂತೆ. ನಿಮ್ಗೇನು ಪಾಲು ಬೇಕು ಹೇಳಿ.”

“ನೀನು ಹತ್ತು ನಿಮಿಷ ಬಾಯಿ ಮುಚ್ಕೊಂಡಿರೋದು.”

“ಆಗೋದನ್ನ ಕೇಳಿ.”

ನಿನ್ನಮ್ಮ ಬಟ್ಟೆಯಲ್ಲಿ ಮುಖ ಮುಚ್ಚಿಕೊಂಡು ನಕ್ಕಳು. ಅವರೂ ನಗುತ್ತಾರೇನೋ ಎಂದು ಕಾದೆ. ನಗಲಿಲ್ಲ. ಅಂಗಳಕ್ಕೆ ಹೋಗಿ ಕೂತು ಕೇಳಿದರು: “ಹೆದ್ರಿಕೊಂಡು ಅಡಗಿದ್ನಲ್ಲ, ಅವನ ಬೆಂಕಿ ಸರಿಯಾಗೇ ಇತ್ತಾ?”

ಇತ್ತು ಎಂದೆ. ನೀರೊಳಗೂ ಉರಿಯುತ್ತಿತ್ತಂತೆ ಎಂದೆ.

“ಹಾಗಾದ್ರೆ ಅವನಿಗೇನು ಕಷ್ಟ. ಬೆಂಕಿಯೇ ಕೆಟ್ಟು ಹೋಗಿದ್ರೆ ಏನು ಮಾಡ್ತಿದ್ರು ನಿನ್ನ ದೇವ್ರುಗಳು? ಪಾಲು ಕೊಟ್ಟು ಬೆಂಕಿ ತರ್ಸೋಕಾಗುತ್ತಾ?” ಎಂದು ಬಲಗೈಯನ್ನು ಮುಂದೆ ಹಿಡಿದು, ಅದು ಯಾರದೋ ಕೈ ಎನ್ನುವ ಹಾಗೆ ನೋಡಿಕೊಂಡರು. “ಕೈ ಹೋಯ್ತು ಕಣೇ,” ಎಂದರು.

ಆ ಕೈಗೆ ಕಾಫಿ ಲೋಟ ಇಟ್ಟು ಒಳಗೆ ಹೋದೆ.

ನೀನು ನಾಲ್ಕು ಹಾಳೆ ಬರೆದು, ಅಜ್ಜ ಹೇಗಿದ್ದಾರೆ ಎಂದು ಒಂದು ಕಡೆಯೂ ಕೇಳಿಲ್ಲ. ಬೆಂಕಿ ದೇವರು ಹೇಗಿದ್ದ ಎನ್ನುವುದು ಮಾತ್ರ ತಿಳಿಯಿತು.

ಮಾತು ಕಡಿಮೆಯಾಗಿರುವ,
ಅಜ್ಜಿ


ಜುಲೈ ೨೧

ಕಿಡಿ,

ನಿನ್ನ ಕಾರ್ಡು ಬಂತು. ಕಾರ್ಡಿನಲ್ಲಿ ಹಿಡಿಸುವಷ್ಟೇ ಬರೆದರೆ ಅಜ್ಜನ ಮಾತಿಗೆ ಜಾಗ ಉಳಿಯುವುದಿಲ್ಲ ಎಂದು ಲೆಕ್ಕ ಹಾಕಿ ಬರೆದಿದ್ದೀಯ, ನನಗೆ ಗೊತ್ತಾಗುತ್ತದೆ.

ಆ ಕಥೆ ಚೆನ್ನಾಗಿದೆ. ದೇವತೆಗಳ ಕಮ್ಮಾರನ ಮಗಳು ಸೂರ್ಯನನ್ನು ಮದುವೆಯಾದಳು. ಗಂಡನ ಉರಿ ತಾಳಲಾರದೆ, ತನ್ನ ನೆರಳನ್ನು ಅವನ ಹತ್ತಿರ ಬಿಟ್ಟು ಓಡಿಹೋದಳು. ಈ ಉಪಾಯವನ್ನು ನನಗೆ ಯಾರೂ ಮೊದಲೇ ಹೇಳಲಿಲ್ಲವಲ್ಲ! ಕೊನೆಗೆ ಮಾವನೇ ಅಳಿಯನನ್ನು ಸಾಣೆಗೆ ಹಾಕಿ ಬೆಳಕು ಹೆರೆದನಂತೆ. ಇದನ್ನು ನಿಮ್ಮಜ್ಜನಿಗೆ ಹೇಳಿದರೆ, “ಕರಿ ಅವನ್ನ. ಇಲ್ಲೂ ಹೆರೆಯೋದಿದೆ, ಎಲ್ಲಾ ಕಣ್ಣು ಕುಕ್ತಿದೆ,” ಎಂದರು.

ಕೆಲಸವಿಲ್ಲದ ಗಂಡಸು ಮನೆಯೊಳಗೆ ಕೂತರೆ ಎಷ್ಟು ಕಾಟ ಎನ್ನುವುದು ನಿನಗೆ ತಿಳಿಯದು. ಈಗ ಬಣ್ಣದ ಜಗಳ ಶುರುವಾಗಿದೆ. ಮೊನ್ನೆ ನಿನ್ನಮ್ಮ ಪೆಟ್ಟಿಗೆಯ ಬಟ್ಟೆಗಳನ್ನು ಬಿಸಿಲಿಗೆ ಹಾಕಿದ್ದಳು.

“ಈ ನೀಲಿ ಕೋಟು ಯಾರ್ದಮ್ಮಾ?”

“ನಿಮ್ದೇ ಮಾವ. ನಾನೇ ಹೊಲಿದದ್ದು.”

“ನನ್ನದು ಕಪ್ಪು ಕೋಟು.”

“ಅಂಗಡೀಲಿ ನೀವೇ ಬಟ್ಟೆ ಆರಿಸಿದ್ರಿ. ನೀಲಿ ಯಾಕೆ ಮಾವ, ಅಂದೆ. ಕಪ್ಪನ್ನ ನೀಲಿ ಅಂತೀಯಲ್ಲ, ನೀನು ಹೊಲಿಗೆಯವಳಾ, ಅಂತ ಬೈದ್ರಿ.”

ಅದಾದ ಮೇಲೆ ಹಿತ್ತಿಲ ಬಾಗಿಲು. ಅದನ್ನು ಹೋದ ವರ್ಷ ತಾವೇ ನಿಂತು ಬಳಿದವರು, ಒಳ್ಳೆ ಬೂದುಬಣ್ಣ, ಕೊಳೆ ಕಾಣಲ್ಲ ಎಂದವರು, ಈಗ ಅದರ ಮುಂದೆ ನಿಂತು, “ಇದಕ್ಕೆ ಈ ನೇರಳೆ ಬಳಿದ ಪುಣ್ಯಾತ್ಮ ಯಾರು?” ಎನ್ನುತ್ತಾರೆ. ನನ್ನ ಮುಖದ ಮೇಲೂ ಅವತ್ತೇ ಒಂದು ಮಾತು ಬಿತ್ತು. “ನಿಂಗೆ ಯಾವಾಗ ಇಷ್ಟು ಸುಕ್ಕು ಬಂತು?” ಎಂದರು. “ನೀವು ಕುರುಡಾಗಿದ್ದಾಗ,” ಎಂದೆ.

ಗುಜರಿಯವನ ಲಾರಿ ಕೆಟ್ಟು ನಿಂತಿದೆಯಂತೆ. ಇನ್ನೂ ನಾಲ್ಕು ದಿನ ಕೆಟ್ಟಿರಲಿ. ಅವರು ಊಟಕ್ಕೆ ಕೂತರೆ ತಟ್ಟೆ ನೋಡುತ್ತಾರೆ, ಕರೆದರೆ ತಡೆದು ಓ ಅನ್ನುತ್ತಾರೆ. ಕುಲುಮೆಯ ಕೋಣೆಯ ಕದ ಹಾಕಿಯೇ ಇದೆ. ನಿನ್ನಮ್ಮ ಇಸ್ತ್ರಿ ಪೆಟ್ಟಿಗೆಗೆ ಅಲ್ಲಿಂದಲೇ ಕೆಂಡ ತರುತ್ತಿದ್ದಳಲ್ಲ, ಈಗ ಹಿತ್ತಿಲಲ್ಲಿ ತಾನೇ ಊದಿ ಊದಿ ಹೊತ್ತಿಸುತ್ತಾಳೆ. ಆ ಹೊಗೆ ಬಂದಾಗ ಅವರು ಎದ್ದು ಆಚೆ ಹೋಗುತ್ತಾರೆ.

ಏನಾದರೂ ಬರೆ. ದೇವರ ಕಥೆ ಬೇಡ.

ಅಜ್ಜಿ


ಆಗಸ್ಟ್ ೩

ಅಜ್ಜಿ,

ಈ ಕಾಗದವನ್ನು ಅಜ್ಜನಿಗೆ ಓದಿ ಹೇಳಬೇಡ. ಅಮ್ಮನಿಗೂ ಕೊಡಬೇಡ, ಅವಳು ಹೇಳಿಬಿಡುತ್ತಾಳೆ.

ಕೋಟಿನ ಸಂಗತಿ ಓದಿ ಗಟ್ಟಿಯಾಗಿ ನಕ್ಕೆ. ಪಕ್ಕದ ಕೋಣೆಯವಳು ಬಂದು ಏನೆಂದು ಕೇಳಿದಳು, ಅವಳಿಗೆ ಹೇಳುತ್ತ ಹೇಳುತ್ತ ನಗು ನಿಂತುಹೋಯಿತು. ಕಪ್ಪು ಎಂದು ಕಂಡದ್ದು ನೀಲಿ, ಬೂದು ಎಂದು ಕಂಡದ್ದು ನೇರಳೆ. ಹಾಗಾದರೆ ಜೇನು ಎಂದು ಕಂಡದ್ದು ಏನು?

ಇಲ್ಲಿಯ ಕಣ್ಣಿನ ಡಾಕ್ಟರೊಬ್ಬರನ್ನು ಹೋಗಿ ಕೇಳಿದೆ. ಪೊರೆ ಬೆಳೆಯುವ ಕಣ್ಣು ವರ್ಷ ವರ್ಷಕ್ಕೆ ಹಳದಿಯಾಗುತ್ತದಂತೆ, ಹಳದಿ ಗಾಜಿನ ಮೂಲಕ ನೋಡಿದ ಹಾಗೆ. ನಿಧಾನವಾಗಿ ಆಗುವುದರಿಂದ ನೋಡುವವರಿಗೆ ತಿಳಿಯುವುದಿಲ್ಲ. ಉಕ್ಕಿನ ಮೇಲೆ ಬರೀ ಒಣಹುಲ್ಲಿನ ಬಣ್ಣ ಓಡಿದಾಗಲೇ ಅಜ್ಜನಿಗೆ ಅದು ಜೇನಾಗಿ ಕಂಡಿದೆ, ನೀರಿಗೆ ಹಾಕಿದ್ದಾರೆ, ಉಳಿ ನಿಂತಿದೆ. ಹಾಗೆ ನಿಂತ ಹದಕ್ಕೇ ವರ್ಷ ಕಳೆದಂತೆ ಅವರ ಬಾಯಲ್ಲಿ ಜೇನು ಎಂದು ಹೆಸರಾಗಿದೆ. ಈಗ ಹೊಸ ಕಣ್ಣಿಗೆ ಜೇನು ಕಾಣುವವರೆಗೆ ಕಾಯುತ್ತಾರೆ. ಅಷ್ಟರಲ್ಲಿ ಹದ ದಾಟಿಹೋಗಿರುತ್ತದೆ. ಅಜ್ಜನ ಕೈಗೆ ಏನೂ ಆಗಿಲ್ಲ ಅಜ್ಜಿ. ಕಣ್ಣು ಸರಿಯಾಗಿದೆ, ಅದೇ ಆದದ್ದು.

ಅದನ್ನು ಸರಿ ಮಾಡಿಸಿದವಳು ನಾನು. ಅವರು ಬೇಡ ಬೇಡ ಅಂದರೂ ಬಿಡದೆ ಕೈ ಹಿಡಿದು ಬಸ್ಸು ಹತ್ತಿಸಿದೆ. ಉಳಿ ಮಡಿಚಿಕೊಳ್ಳುತ್ತಿದೆ ಎಂದು ಅಮ್ಮ ಮೇ ತಿಂಗಳಲ್ಲೇ ಹೇಳಿದ್ದಳು. ಆಪರೇಷನ್ ಆದ ಮೇಲೆ ಎನ್ನುವುದು ನನ್ನ ಕಿವಿಗೆ ಬಿದ್ದಿತ್ತು. ಅಜ್ಜ ಹೇಗಿದ್ದಾರೆ ಎಂದು ನಾನು ಯಾಕೆ ಕೇಳಲಿಲ್ಲ ಎನ್ನುವುದಕ್ಕೆ ಇಷ್ಟು ಸಾಕು.

ಇಲ್ಲಿ ನನ್ನ ಕೆಲಸವೂ ನಿಂತಿದೆ. ಈ ಎಲ್ಲ ಕಮ್ಮಾರ ದೇವರುಗಳ ಮೂಲ ಯಾರು ಎಂದು ನನ್ನ ಗೈಡ್ ಕೇಳುತ್ತಾರೆ. ಮೊದಲು ಆ ಕಥೆ ಹೇಳಿದ ಜನ ಒಂದು ಅಕ್ಷರವನ್ನೂ ಬರೆದಿಟ್ಟು ಹೋಗಿಲ್ಲ. ನಾವು ಮಾಡುವುದಿಷ್ಟೆ: ಒಬ್ಬರ ಕಥೆಯ ಪಕ್ಕದಲ್ಲಿ ಇನ್ನೊಬ್ಬರ ಕಥೆ ಇಟ್ಟು ನೋಡುವುದು. ಗ್ರೀಕರ ಕಮ್ಮಾರ ಸಮುದ್ರದಲ್ಲಿ ಅಡಗಿದ್ದ, ವೇದದ ಬೆಂಕಿ ನೀರಿನಲ್ಲಿ ಅಡಗಿತ್ತು. ಎರಡೂ ಒಂದೇ ಬೇರಿನದಾ, ಬೇರೆ ಬೇರೆಯಾ, ನನಗೆ ಇನ್ನೂ ಖಚಿತವಿಲ್ಲ. ಆದರೆ ಒಂದನ್ನೇ ನೋಡುತ್ತಿದ್ದರೆ ಅದು ಎಲ್ಲಿ ಬಾಗಿದೆ ಎನ್ನುವುದು ಯಾವತ್ತೂ ಕಾಣುವುದಿಲ್ಲ. ಇನ್ನೊಂದನ್ನು ಪಕ್ಕಕ್ಕೆ ಇಟ್ಟರೆ ಕಾಣುತ್ತದೆ.

ಅಡಿಗಲ್ಲು ಇನ್ನೂ ಇದೆಯಾ?

ನಿನ್ನ,
ಕಿಡಿ


ಆಗಸ್ಟ್ ೨೨

ಕಿಡಿ,

ನಿನ್ನ ಕಾಗದವನ್ನು ಬಂದ ದಿನವೇ ನಿಮ್ಮಜ್ಜನಿಗೆ ಓದಿ ಹೇಳಿದೆ. ನಿನ್ನಮ್ಮನನ್ನೂ ಕರೆದು ಕೂರಿಸಿಕೊಂಡೆ. ಓದಬೇಡ ಎಂದ ಸಾಲನ್ನೂ ಓದಿದೆ. ನನಗೆ ಗುಟ್ಟು ಬರೆದು ಕಳಿಸುವವಳು ನೀನು, ಬುದ್ಧಿ ಇಲ್ಲದವಳು ನಾನಾ?

ಮೊದಲು ಅವರಿಗೆ ಸಿಟ್ಟು ಬಂತು. “ಒಣಹುಲ್ಲಿಗೂ ಜೇನಿಗೂ ವ್ಯತ್ಯಾಸ ಗೊತ್ತಿಲ್ದೆ ಇಷ್ಟು ವರ್ಷ ಬಡಿದ್ನಾ ನಾನು?” ಎಂದು ಎದ್ದುಬಿಟ್ಟರು. ಹೊಸ್ತಿಲವರೆಗೆ ಹೋದವರು ನಿಂತರು. ನಾನು ಓದುವುದನ್ನು ನಿಲ್ಲಿಸಲಿಲ್ಲ. ಮುಗಿದ ಮೇಲೆ ಬೆನ್ನು ತಿರುಗಿಸಿಕೊಂಡೇ, “ಅದನ್ನ ಇನ್ನೊಂದ್ಸಲ ಓದು,” ಎಂದರು.

“ಯಾವುದನ್ನ?”

“ಪಕ್ಕದಲ್ಲಿ ಇಟ್ಟು ನೋಡೋದು ಅಂತ ಬರ್ದಿದಾಳಲ್ಲ.”

ಓದಿದೆ. ನೇರ ಹಿತ್ತಿಲಿಗೆ ಹೋಗಿ ಆ ಬಾಗಿಲ ಮುಂದೆ ನಿಂತರು. ಅಂಗೈಯಿಂದ ಬಲಗಣ್ಣು ಮುಚ್ಚಿದರು, ತೆಗೆದು ಎಡಗಣ್ಣು ಮುಚ್ಚಿದರು, ಮತ್ತೆ ಬಲಗಣ್ಣು. ಪಕ್ಕದ ಮನೆಯಾಕೆ ಗೋಡೆಯ ಮೇಲಿನಿಂದ ಇಣುಕಿ, “ಏನಾಯ್ತು ಇವ್ರಿಗೆ?” ಎಂದಳು. “ಬಾಗಿಲಿಗೆ ಕಣ್ಣು ಹೊಡೀತಿದಾರೆ, ನೀವು ಒಳಗೆ ಹೋಗಿ,” ಎಂದೆ.

ಆಮೇಲೆ ಏನಾಯಿತು ಗೊತ್ತಾ, ನಿನ್ನಮ್ಮನ ಹತ್ತಿರ ಬಂದು ಇಸ್ತ್ರಿ ಪೆಟ್ಟಿಗೆ ತೋರಿಸಿ, “ಅಮ್ಮಾ, ಸ್ವಲ್ಪ ಕೆಂಡ ಕೊಡ್ತೀಯಾ?” ಎಂದರು. ಮಾವ ಎನ್ನುವ ಮನುಷ್ಯ ಸೊಸೆಯ ಹತ್ತಿರ ಏನನ್ನಾದರೂ ಕೇಳಿ ಪಡೆದದ್ದು ಅದೇ ಮೊದಲು. ಅವಳು ಬಾಯಿಂದ ಹೂಂ ಎನ್ನಲೂ ಇಲ್ಲ, ಗಿರಾಕಿಯ ಅಂಗಿಯನ್ನು ಅರ್ಧ ಮಡಿಚಿದಲ್ಲೇ ಬಿಟ್ಟು, ಪೆಟ್ಟಿಗೆಯನ್ನೇ ಎತ್ತಿಕೊಂಡು ಹೋಗಿ ಕುಲುಮೆಯಲ್ಲಿ ಬೋರಲು ಹಾಕಿದಳು. ತಿದಿ ಒಣಗಿ ಕಿರುಗುಟ್ಟಿತು. ನಾನು ಎಣ್ಣೆ ಸವರಿದೆ.

ಅವಳ ಹತ್ತಿರವೇ ಒಂದು ಪಟ್ಟಿ ಬಟ್ಟೆ ಈಸಿಕೊಂಡು ಬಲಗಣ್ಣಿಗೆ ಬಿಗಿದರು. ಒಂದು ಉಳಿ ಕಾಯಿಸಿ, ತುದಿ ಅದ್ದಿ, ಉಜ್ಜಿ, ಮಬ್ಬಾದ ಎಡಗಣ್ಣನ್ನು ಮೂಗು ಸುಡುವಷ್ಟು ಹತ್ತಿರ ತಂದು ಕಾದರು. ಗ್ರೀಕರಲ್ಲಿ ಸಿಡಿಲು ಬಡಿದು ಕೊಟ್ಟವರು ಒಕ್ಕಣ್ಣ ದೈತ್ಯರು ಎಂದು ನೀನು ಯಾವುದೋ ಕಾಗದದಲ್ಲಿ ಬರೆದಿದ್ದೆ. ಅವರ ಹೆಂಡಿರಿಗೂ ನನ್ನ ಹಾಗೇ ಎದೆ ಡವಗುಟ್ಟಿರಬೇಕು. ನೀರಿಗೆ ಹಾಕಿದರು. ಗುಡುಗು ಅದನ್ನು ಒಯ್ದ.

ಸಂಜೆ ಅವನು ಬರುವ ಮೊದಲೇ ಅವನ ಕೂಗು ಬಂತು. “ನಿಂತಿದೆ ಯಜಮಾನ್ರೇ! ಕಲ್ಲು ಹೋಯ್ತು, ಉಳಿ ನಿಂತಿದೆ!”

ಎಲ್ಲ ಮುಗಿಯಿತು, ಇನ್ನು ಆ ಪಟ್ಟಿ ಕಟ್ಟಿಕೊಂಡೇ ಬಾಳಲಿ ಎಂದು ನಾನು ಅಂದುಕೊಂಡೆ. ಅವರು ಮಾತ್ರ ಸುಮ್ಮನೆ ಪಟ್ಟಿ ಬಿಚ್ಚಿ ಕೂತರು.

“ಯಾಕ್ರೀ, ನಿಮ್ಮ ಹದ ನಿಮಗೆ ಸಿಕ್ತಲ್ಲ?”

“ಈ ಕಣ್ಣಲ್ಲಿ ಎಷ್ಟು ದಿನ? ಪಟ್ಟಿ ಕಟ್ಕೊಂಡಾಗ ಬಾಗಿಲ ಚಿಲಕ ಕಾಣ್ದೆ ಗೋಡೆ ತಡವಿದೆ. ಗೊತ್ತಿರೋ ಕಣ್ಣು ಹೋಗ್ತಿದೆ, ಉಳಿಯೋ ಕಣ್ಣಿಗೆ ಏನೂ ಗೊತ್ತಿಲ್ಲ.”

ಅಡಿಗಲ್ಲು ಇದ್ದಲ್ಲೇ ಇದೆ. ಲಾರಿ ಸರಿಯಾಗಿದೆಯಂತೆ, ಅದೊಂದು ಭಯ.

ಅವಸರದಲ್ಲಿ,
ಅಜ್ಜಿ


ಅಕ್ಟೋಬರ್ ೮

ಕಿಡಿ,

ಇಷ್ಟು ದಿನ ಬರೆಯದೆ ಇದ್ದದ್ದಕ್ಕೆ ನೀನು ಬೈದು ಬರೆದ ಕಾಗದ ಚೆನ್ನಾಗಿತ್ತು. ನನ್ನ ಮೊಮ್ಮಗಳು ಎನ್ನುವುದು ಆ ಕಾಗದದಲ್ಲಿ ಗೊತ್ತಾಯಿತು. ನನಗೆ ಪುರುಸೊತ್ತು ಇರಲಿಲ್ಲ, ನಾನು ಈಗ ಕುಲುಮೆಯಲ್ಲಿ ಕೆಲಸಕ್ಕೆ ಇದ್ದೇನೆ. ಸಂಬಳ ಬೈಗುಳ.

ನನ್ನ ಕೆಲಸ ಹೇಳುತ್ತೇನೆ. ನಿಮ್ಮಜ್ಜ ಬಲಗಣ್ಣಿಗೆ ಪಟ್ಟಿ ಬಿಗಿದು ಉಕ್ಕಿನ ತುಂಡಿನ ಮೇಲೆ ಬಣ್ಣ ಓಡಿಸುತ್ತಾರೆ. ಎಡಗಣ್ಣಿಗೆ ಹದ ಕಂಡಾಗ “ಈಗ” ಎನ್ನುತ್ತಾರೆ, ನೀರಿಗೆ ಹಾಕುತ್ತಾರೆ. ನೀರಿನಿಂದ ತೆಗೆದರೂ ಆ ಬಣ್ಣ ಉಕ್ಕಿನ ಮೇಲೆ ಹಾಗೇ ಉಳಿಯುತ್ತದಲ್ಲ. ನಾನು ಪಟ್ಟಿಯನ್ನು ಈ ಕಣ್ಣಿನಿಂದ ಬಿಚ್ಚಿ ಆ ಕಣ್ಣಿಗೆ ಕಟ್ಟುತ್ತೇನೆ. ಅದೇ ತುಂಡನ್ನು ಹೊಸ ಕಣ್ಣಿನಿಂದ ನೋಡುತ್ತಾರೆ. ಆ ಹದ ಹೊಸ ಕಣ್ಣಿಗೆ ಹೇಗೆ ಕಾಣುತ್ತದೆ ಎಂದು ಬಹಳ ಹೊತ್ತು ನೋಡಿ ಕಲಿಯುತ್ತಾರೆ. ಉಳಿಗೆ ಒಂದು, ಕೊಡಲಿಗೆ ಒಂದು, ಕತ್ತರಿಗೆ ಒಂದು, ತುಂಡುಗಳೆಲ್ಲ ಗೋಡೆಯ ಮೇಲೆ ಸಾಲಾಗಿ ನೇತಾಡುತ್ತಿವೆ. ಹಳೆಯ ಕಣ್ಣು ದಿನದಿನಕ್ಕೆ ಮಸುಕಾಗುತ್ತಿದೆ, ಅದಕ್ಕೇ ಅವರಿಗೆ ಆತುರ. ನಾನು ಗಂಟು ನಿಧಾನವಾಗಿ ಬಿಚ್ಚಿದರೆ, “ನಿನ್ನ ಕೈಗೆ ಏನು ಬಂತು?” ಎನ್ನುತ್ತಾರೆ. ಇಬ್ಬರೂ ಮುದುಕರಾಗಿ ಹೀಗೆ ಮುಖಕ್ಕೆ ಮುಖ ಹತ್ತಿರ ಇಟ್ಟುಕೊಂಡು ನಿಲ್ಲುತ್ತೇವೆ, ಬೀದಿಯವರು ನೋಡಿಕೊಂಡು ಹೋಗುತ್ತಾರೆ. ನೋಡಲಿ.

ನಡುವೆ ಗುಜರಿಯವನು ಬಂದ. ನಿಮ್ಮಜ್ಜ ಒಳಗೆ ಬಣ್ಣ ಕಾಯುತ್ತಿದ್ದರು, ಮಾತಾಡಿಸುವ ಹಾಗಿರಲಿಲ್ಲ. ನಾನೇ ಬಾಗಿಲಲ್ಲಿ ನಿಂತೆ.

“ಅಜ್ಜಿ, ಯಜಮಾನ್ರು ಅಡಿಗಲ್ಲು ಕೊಡ್ತೀನಿ ಅಂದಿದ್ರು.”

“ಅಂದಿದ್ರಾ? ಹಾಗಾದ್ರೆ ಎತ್ಕೊಂಡು ಹೋಗು. ನೀನೊಬ್ಬನೇ ಎತ್ತಿದ್ರೆ ಪುಕ್ಕಟೆ.”

ಅವನು ಒಳಗೆ ಇಣುಕಿ ಬೆಂಕಿ ನೋಡಿದ, ನನ್ನ ಮುಖ ನೋಡಿದ. ಖಾಲಿ ಲಾರಿ ಕಳಿಸಬಾರದಲ್ಲ ಎಂದು ಹಳೆಯ ತಗಡು ನಾಲ್ಕು ಕೊಟ್ಟು ಕಳಿಸಿದೆ.

ಹೋದ ವಾರ ಪಟ್ಟಿ ಬೇಡ ಎಂದರು. ಹಳೆಯ ಕಣ್ಣನ್ನು ಬಿಗಿಯಾಗಿ ಮುಚ್ಚಿಕೊಂಡು, ಹೊಸ ಕಣ್ಣೊಂದರಲ್ಲೇ ಗುಡುಗಿನ ಉಳಿಗಳನ್ನು ಮಾಡಿದರು. ಕೊಡುವಾಗ, “ಹಾಳಾದ್ರೆ ಹಾಳಾಯ್ತು ಅಂತ ನನ್ನ ಮುಂದೇ ಹೇಳ್ಬೇಕು. ಆ ಮಿಷನ್ ಅಂಗಡಿ ಕಡೆ ಹೋದೆ ಅಂತ ಗೊತ್ತಾದ್ರೆ ನೋಡು,” ಎಂದರು. ಅವನು ಮೂರು ದಿನ ಬರಲಿಲ್ಲ. ಆ ಮೂರು ದಿನ ಈ ಮನೆಯಲ್ಲಿ ಯಾರೂ ಸರಿಯಾಗಿ ಉಣ್ಣಲಿಲ್ಲ.

ನಾಲ್ಕನೆಯ ದಿನ ಬಂದ. ಮಾತಾಡದೆ ಚೀಲ ಸುರಿದ. ಎಲ್ಲ ನಿಂತಿದ್ದವು. ಒಂದರ ಅಲಗು ಮಾತ್ರ ಮಡಿಚಿತ್ತು. ನಿಮ್ಮಜ್ಜ ಅದೊಂದನ್ನೇ ಎತ್ತಿಕೊಂಡು ಗೋಡೆಯ ತುಂಡುಗಳ ಪಕ್ಕ ಹಿಡಿದು, ಹಿಂದೆ ಮುಂದೆ ಮಾಡಿ ನೋಡಿದರು.

“ಹೌದು,” ಎಂದರು. “ಇಲ್ಲಿ ತಡ ಮಾಡಿದೀನಿ. ಕಾಣ್ತಿದೆ.” ಅಷ್ಟು ಹೇಳಿ ನಕ್ಕರು ಕಿಡಿ. ಮಡಿಚಿದ ಉಳಿ ಕೈಯಲ್ಲಿ ಹಿಡಿದು ನಕ್ಕರು. ಗುಡುಗು ಹೆದರಿಕೊಂಡು ನನ್ನ ಕಡೆ ನೋಡಿದ. ಅಷ್ಟು ತಿಂಗಳು ಉಳಿ ಯಾಕೆ ಕೆಡುತ್ತದೆ ಎಂದು ತಿಳಿಯದೆ ಕೊರಗಿದ ಮನುಷ್ಯನಿಗೆ, ಕೆಟ್ಟದ್ದು ಯಾಕೆ ಎಂದು ಕಂಡರೆ ಎಷ್ಟಾಗಬೇಡ?

ಆ ಸಂಜೆ ಕೆಂಡಕ್ಕೆ ಬೂದಿ ಎಳೆಯುತ್ತ ಹೇಳಿದರು, “ಎಡಗಣ್ಣಿಗೂ ದಿನ ಹಾಕ್ಸು.”

ನನಗೇ ಭಯವಾಯಿತು. ಬೇಡ ರೀ, ಆ ಕಣ್ಣು ಇದ್ದ ಹಾಗೇ ಇರಲಿ, ಮರೆತರೆ ಕೇಳುವುದಕ್ಕಾದರೂ ಆಗುತ್ತದೆ ಎಂದೆ. ಅವರು ಕೇಳಲಿಲ್ಲ. ಯಾವತ್ತು ಕೇಳಿದ್ದಾರೆ? ನಿನ್ನಮ್ಮ, “ನಾನು ಕರ್ಕೊಂಡು ಹೋಗ್ತೀನಿ ಮಾವ,” ಎಂದಳು. ನಿನ್ನಪ್ಪ ಲಾರಿಗೆ ರಜೆ ಹಾಕುತ್ತೇನೆ ಎಂದ. ಗುಡುಗು, ನಾನು ಹೊತ್ತುಕೊಂಡು ಹೋಗುತ್ತೇನೆ ಎಂದು ಬೀದಿಗೆಲ್ಲ ಕೇಳುವ ಹಾಗೆ ಹೇಳಿದ.

“ನೀವ್ಯಾರೂ ಬೇಡ. ಕಿಡಿ ಹತ್ಸಿದ್ರೆ ಬಸ್ಸು ಹತ್ತೀನಿ, ಇಲ್ದಿದ್ರೆ ಇಲ್ಲ,” ಎಂದರು ನಿಮ್ಮಜ್ಜ. “ಅವಳು ಇಷ್ಟು ದಿನ ನನ್ನ ಬಗ್ಗೆ ಒಂದು ಮಾತು ಕೇಳಿಲ್ಲ ಅಂತ ನಂಗೂ ಗೊತ್ತು. ಬಂದು ಎದುರಿಗೇ ಕೇಳ್ಲಿ. ಜಗಳ ಇದ್ರೆ ದಾರೀಲಿ ಆಡ್ಕೋತೀವಿ.”

ಕೇಳಿದೆಯಾ? ಆಸ್ಪತ್ರೆಯವರು ನವೆಂಬರ್ ಮೊದಲ ವಾರ ಎಂದಿದ್ದಾರೆ. ನಿನ್ನ ದೇವರುಗಳು ಸಾವಿರಾರು ವರ್ಷ ಕಾದಿದ್ದಾರೆ, ಇನ್ನೊಂದು ವಾರ ಕಾಯುತ್ತಾರೆ. ಇವರು ಕಾಯುವುದಿಲ್ಲ. ಬರುತ್ತೀಯೋ ಇಲ್ಲವೋ, ಯಾವ ಬಸ್ಸಿಗೆ, ಅಷ್ಟೇ ಬರೆದರೆ ಸಾಕು. ನವೆಂಬರ್ ಹುಟ್ಟುವ ಮೊದಲು ಉತ್ತರ ನನ್ನ ಕೈಯಲ್ಲಿರಬೇಕು.

ಬಾಗಿಲಲ್ಲಿ ನಿಂತಿರುವ,
ನಿನ್ನ ಅಜ್ಜಿ